ಎಮ್ಮೆ ಕೇಸಿನ ಖೂನ ತಜ್ಞ

ಇಚಲಕರಂಜಿಯ ಶಹಾಪುರದಲ್ಲಿ ಪಾರೀಸ ಮಗದುಮ್‌ಗೆ ಹೆದರುವ ಪ್ರಾಣಿ ಒಂದೂ ಇರಲಿಲ್ಲ. ಅವನ ಮಗ್ಗದ ಬಿಡಿಭಾಗಗಳ ಅಂಗಡಿಯ ಮೆಟ್ಟಿಲ ಮೇಲೆ ಮಲಗುವ ನಾಯಿ ಕೂಡ ಅವನು ಬಂದರೆ ಏಳುತ್ತಿರಲಿಲ್ಲ. ಅವನೇ ಕಾಲೆತ್ತಿ ದಾಟಿ ಒಳಗೆ ಹೋಗುತ್ತಿದ್ದ. ಜೈನರ ಮನುಷ್ಯ. ನೆಲದಡಿ ಬೆಳೆದದ್ದನ್ನು ತಿನ್ನುವವನಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವವನಲ್ಲ, ದಾರಿಯಲ್ಲಿ ಇರುವೆಗಳ ಸಾಲು ಕಂಡರೆ ಸ್ಕೂಟರ್ ನಿಲ್ಲಿಸಿ ಅವು ದಾಟುವ ತನಕ ಕಾಯುವವ. ಇಂಥವನು ಒಂದು ಮಳೆಗಾಲ ಮುಗಿಯುವುದರೊಳಗೆ ಇಡೀ ಓಣಿ ನಡುಗುವಂಥ ಹೆಸರು ಗಳಿಸಿದ. ಅದಕ್ಕೆ ಕಾರಣ ಎರಡು: ದೇಶದ ಸಾಕ್ಷ್ಯ ಕಾಯದೆ, ಮತ್ತು ಮರಾಠಿ ವರ್ಣಮಾಲೆಯ ಒಂದು ಅಕ್ಷರ.

ಕಾಯದೆಯ ಕಥೆ ಮೊದಲು. ನಲವತ್ತು ದಾಟಿದ ಮೇಲೆ ಪಾರೀಸನಿಗೆ ವಕೀಲನಾಗುವ ಹುಚ್ಚು ಹತ್ತಿತ್ತು. ದಿನಾ ಮುಂಜಾನೆ ಎಸ್‌ಟಿ ಬಸ್ಸು ಹಿಡಿದು ಕೊಲ್ಹಾಪುರದ ಒಂದು ಕಾನೂನು ಕಾಲೇಜಿಗೆ ಹೋಗಿ, ಕೊನೆಯ ಬೆಂಚಿನಲ್ಲಿ ಕೂತು, ಮಧ್ಯಾಹ್ನಕ್ಕೆ ಬಂದು ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಉಳಿದೆಲ್ಲ ವಿಷಯಗಳಲ್ಲೂ ದಡ ಸೇರಿದವನು ಸಾಕ್ಷ್ಯದ ಪೇಪರಿನಲ್ಲಿ ಮುಳುಗಿದ. ತಪ್ಪು ಪೂರ್ತಿ ಅವನದಲ್ಲ. ಅವನು ಹಳೇ ಪುಸ್ತಕ ಕೊಂಡು ಉರು ಹೊಡೆದು ಮುಗಿಸುವಷ್ಟರಲ್ಲಿ ಸರಕಾರ ಕಾಯದೆಯನ್ನೇ ಬದಲಾಯಿಸಿತ್ತು. ತಜ್ಞರ ಅಭಿಪ್ರಾಯದ ಕಲಮು ಯಾವುದು ಎಂದು ಕೇಳಿದ್ದಕ್ಕೆ ಪಾರೀಸ ದಪ್ಪ ಅಕ್ಷರದಲ್ಲಿ ‘ನಲವತ್ತೈದು’ ಎಂದು ಬರೆದು ಕೆಳಗೆ ಗೆರೆ ಬೇರೆ ಎಳೆದ. ಹೊಸ ಕಾಯದೆಯಲ್ಲಿ ಅದು ಮೂವತ್ತೊಂಬತ್ತಾಗಿತ್ತು. ಗೆರೆ ಎಳೆದದ್ದಕ್ಕೆ ಯಾರೂ ಅಂಕ ಕೊಡಲಿಲ್ಲ.

ಪ್ರಾಧ್ಯಾಪಕರು ಕನಿಕರದವರು. “ಮಗದುಮ್, ಮರುಪರೀಕ್ಷೆಗೆ ಮೊದಲು ಒಂದು ಪ್ರಬಂಧ ಬರೆದು ತನ್ನಿ. ಕೋರ್ಟಿನಲ್ಲಿ ತಜ್ಞರ ಸಾಕ್ಷಿ, ಅದರ ನೀತಿ ನಿಯಮ. ಇಪ್ಪತ್ತು ಪುಟ. ಬರೆದರಾದರೂ ತಲೆಗೆ ಹತ್ತೀತು,” ಎಂದರು.

ಇದಿಷ್ಟೇ ನಡೆದದ್ದು. ಆದರೆ ಮರುವಾರವೇ ಹೆಂಡತಿ ಕಾಂಚನಳ ತವರಿನ ಕಡೆ ಒಂದು ನಿಶ್ಚಿತಾರ್ಥದ ಊಟವಿತ್ತು. ಪಂಕ್ತಿಯಲ್ಲಿ ಅವಳ ಚಿಕ್ಕಪ್ಪನ ಮಗ ಜಿನೇಂದ್ರ ಬಡಿಸುವ ಸೌಟು ಹಿಡಿದುಕೊಂಡೇ, ಮೂರು ಸಾಲು ಆಚೆಗೂ ಕೇಳುವ ಹಾಗೆ ಕೂಗಿದ.

“ಏನ್ರಿ ಮಾವಾರ, ವಕೀಲ ಆದ್ರೋ, ಇಲ್ಲಾ ಪೇಪರ್ ಹೋತೋ?”

ಪಾರೀಸ ತುತ್ತು ನುಂಗಿದ. “ಪೇಪರ್ ಮಾತು ಬಿಡೋ ಜಿನೇಂದ್ರಾ. ನಾ ಈಗ ತಜ್ಞ ಸಾಕ್ಷಿ ಮ್ಯಾಲ ವಿಶೇಷ ಅಭ್ಯಾಸ ಮಾಡಾಕತ್ತೇನಿ.”

“ಅಂದ್ರ ಏನ್ರಿ ಅದು?”

“ಅಂದ್ರ ಕೋರ್ಟಿನ್ಯಾಗ ಕೈಬರಹದ ಖೂನ, ಹೆಬ್ಬೆಟ್ಟಿನ ಖೂನ ಇರ್ತಾವ ನೋಡು, ಅವನ್ನ ಹಿಡ್ಯೂದು ಸಾದಾ ಮಂದಿ ಕೆಲಸಲ್ಲ. ಅದಕ್ಕ ತಜ್ಞರ ಬೇಕು.”

ಒಟ್ಟು ಮಾತಿನಲ್ಲಿ ಸುಳ್ಳಿದ್ದದ್ದು ‘ವಿಶೇಷ’ ಎಂಬ ಒಂದೇ ಶಬ್ದ. ನಪಾಸಾದವನಿಗೆ ಅಷ್ಟೂ ಬೇಡವೇ? ಜಿನೇಂದ್ರ ಅವನ ಎಲೆಗೆ ಎರಡು ಹೋಳಿಗೆ ಹಾಕಿದ. ಪಕ್ಕದ ಪಂಕ್ತಿಯಲ್ಲಿ ಕೂತಿದ್ದ ಕಾಂಚನಳ ಚಿಗವ್ವ, ಗಡಹಿಂಗ್ಲಜದ ಅನ್ನವ್ವ, ಊಟ ಮರೆತು ಅಳಿಯನ ಮುಖ ನೋಡಿದಳು.

ಇನ್ನು ಅಕ್ಷರದ ಕಥೆ. ಈ ಕಡೆಯ ಕನ್ನಡದಲ್ಲಿ ಖೂನ ಎಂದರೆ ಗುರುತು. ಖೂನ ಹಿಡಿಯುವುದೆಂದರೆ ಗುರುತು ಹಿಡಿಯುವುದು. ಮರಾಠಿಯವರು ಗುರುತಿಗೆ ‘ಖೂಣ’ ಎನ್ನುತ್ತಾರೆ, ಕೊಲೆಗೆ ‘ಖೂನ’. ನಾಲಿಗೆ ಮಡಚಿದರೆ ಗುರುತು, ಮಡಚದಿದ್ದರೆ ಹೆಣ. ಮುನ್ನೂರು ವರ್ಷಗಳಿಂದ ಎರಡೂ ಭಾಷೆಯವರು ಒಂದೇ ಬಾವಿಯ ನೀರು ಸೇದಿ ಬದುಕುತ್ತಿದ್ದಾರೆ. ಇದರಿಂದ ಇನ್ನೂ ದೊಡ್ಡ ಅನಾಹುತವಾಗಿಲ್ಲ ಎಂಬುದೇ ಆಶ್ಚರ್ಯ.

ಪಾರೀಸನಿಗೆ ಜೋರಾಗಿ ಓದದಿದ್ದರೆ ತಲೆಗೆ ಹತ್ತದು. ಬೆಳಗಾಗುತ್ತಲೇ ಮಾಳಿಗೆ ಹತ್ತಿ, ಕೈ ಹಿಂದೆ ಕಟ್ಟಿ ಅತ್ತಿಂದಿತ್ತ ನಡೆಯುತ್ತ, ತಾನೇ ಕಟ್ಟಿಕೊಂಡ ಮೂರು ಸೂತ್ರಗಳನ್ನು ಕೂಗುತ್ತಿದ್ದ.

“ಖೂನಕ್ಕ ಅನುಭವ ಬೇಕು! ಖೂನಕ್ಕ ಕಾರಣ ಕೊಡಬೇಕು! ಖೂನದಾಗ ಕರೆದವರ ಉಪ್ಪಿನ ಋಣ ನೋಡಬಾರದು!”

ತಜ್ಞನಾದವನು ನುರಿತವನಾಗಿರಬೇಕು, ಅಭಿಪ್ರಾಯಕ್ಕೆ ಆಧಾರ ಹೇಳಬೇಕು, ತನ್ನನ್ನು ಕರೆಸಿದ ಪಕ್ಷಕ್ಕಲ್ಲ, ಕೋರ್ಟಿಗೆ ನಿಷ್ಠನಾಗಿರಬೇಕು ಎಂದು ಅದರ ಅರ್ಥ. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ವೃಷಾಲಿಗೆ ಆ ಅರ್ಥ ಆಗಲಿಲ್ಲ. ಅವಳದು ಮರಾಠಿ ಮನೆ. ಕನ್ನಡ ಬರುತ್ತಿತ್ತು, ಆದರೆ ಅವಳ ಕಿವಿ ಮರಾಠಿಯದು. ಅವಳು ಹಿಂಡಿದ ಸೀರೆಯನ್ನು ಹಾಗೇ ಬಕೆಟ್ಟಿಗೆ ಹಾಕಿ ಕೆಳಗಿಳಿದು, ಕಾಂಚನಳ ಅಡಿಗೆಮನೆಗೆ ಬಂದಳು. ಕಾಂಚನ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

“ವೈನಿ, ಭಾವೋಜಿ ಮಾಳಗಿ ಮ್ಯಾಲ ಏನ್ ಅಭ್ಯಾಸ ಮಾಡ್ತಾರ ಹೋ?”

“ಖೂನದ್ದ.”

“ಅಗ ಬಾಈ! ಖರಂಚ? ಮತ್ತ ಇದನ್ನ ಕಲಿಸವರು?”

“ಕೊಲ್ಹಾಪುರದಾಗ ಮಾಸ್ತರ ಅದಾರಲ್ಲ. ಇವರು ಒಮ್ಮಿ ನಪಾಸ ಆದ್ರು. ಅದಕ್ಕ ಮತ್ತೊಮ್ಮಿ ಮಾಡ್ರಿ ಅಂದಾರ.”

ವೃಷಾಲಿ ಬಾಗಿಲ ಕಡೆ ಒಂದು ಹೆಜ್ಜೆ ಸರಿದಳು. “ನಪಾಸ ಅಂದ್ರ... ಅವರು ಉಳಕೊಂಡ್ರು?”

“ಯಾರು?”

“ಅವರ... ಎದುರಿನವರು.”

“ಎದುರಿನವರು, ಬಾಜೂದವರು ಎಲ್ಲಾರೂ ಪಾರಾದ್ರು,” ಎಂದು ಕಾಂಚನ ನಿಟ್ಟುಸಿರು ಬಿಟ್ಟಳು. “ಇವರೊಬ್ಬರ ಸಿಕ್ಕೊಂಡ್ರು ನೋಡವಾ. ಕೈ ನಡುಗಿತಂತ.”

ವೃಷಾಲಿ ಬಂದ ದಾರಿಯಲ್ಲಿ ಹೋಗಲಿಲ್ಲ. ಹಿತ್ತಿಲ ಬಾಗಿಲಿನಿಂದ ಹೋದಳು, ಅಲ್ಲಿಂದ ಓಣಿಯ ಪ್ರತಿ ಮನೆಗೂ ಹೋದಳು. ಮಧ್ಯಾಹ್ನದ ಹೊತ್ತಿಗೆ ಶಹಾಪುರದ ಆ ಭಾಗದ ಮಗ್ಗಗಳ ಸದ್ದಿನೊಳಗೂ ಆ ಒಂದು ಶಬ್ದ ಕೇಳುತ್ತಿತ್ತು.

ಮರುದಿನ ಪಾರೀಸ ಅಂಗಡಿಗೆ ಹೋದಾಗ ನಾಯಿ ಎದ್ದು ದಾರಿ ಬಿಟ್ಟಿತು. ಅದಕ್ಕೆ ಯಾರು ಹೇಳಿದರೋ. ಚಹಾದವನು ಕರೆಯದೆಯೇ ಚಹಾ ತಂದಿಟ್ಟು, ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಹೋದ. ಪ್ರತಿ ಬೋಲ್ಟಿಗೂ ತಾಸುಗಟ್ಟಲೆ ಚೌಕಾಶಿ ಮಾಡುವ ಮಗ್ಗದ ಮಾಲೀಕರು ಹೇಳಿದ ದರಕ್ಕೆ ತಲೆಯಾಡಿಸಿ, “ನಮ್ಮ ಮನ್ಯಾಗ ಸಣ್ಣ ಮಕ್ಕಳು ಅದಾವ್ರಿ,” ಎಂದು ಸಂಬಂಧವಿಲ್ಲದ ಮಾತು ಹೇಳಿ ಹೊರಟರು.

“ಕಾಂಚನಾ, ವಿದ್ಯಾಕ್ಕ ಎಷ್ಟ ಮರ್ಯಾದಿ ಐತಿ ನೋಡು,” ಎಂದ ಪಾರೀಸ ಸಂಜೆ, ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಕೂತಾಗ. “ಬರೇ ಅಭ್ಯಾಸ ಸುರು ಮಾಡಿದ್ದಕ್ಕ ಇಷ್ಟು. ಮುಗಿಸಿದ್ರ ಏನ್ ಆದೀತು!”

ಮೂರನೇ ದಿನ ಒಬ್ಬ ಹವಾಲ್ದಾರ ಬಂದ. ಓಣಿಯ ಕಿಟಕಿಗಳೆಲ್ಲ ಒಂದೊಂದು ಬೆರಳು ತೆರೆದುಕೊಂಡವು. ಹವಾಲ್ದಾರ ಅಂಗಡಿಯ ಬಾಗಿಲಲ್ಲೇ ನಿಂತು ಸುತ್ತಿ ಬಳಸಿ ಮಾತು ತೆಗೆದ.

“ಏನೋ ಖೂನದ್ದು ಅಭ್ಯಾಸ ನಡೆಸೀರಂತ.”

“ಹೌದ್ರಿ, ಭಾಳ ಮನಸ ಹಾಕಿ ನಡ್ಸೇನಿ.”

“ಇಲ್ಲೀತನಕ... ಎಷ್ಟ ಆಗ್ಯಾವು?”

“ಎಂಟ ಆಗ್ಯಾವ ನೋಡ್ರಿ,” ಎಂದ ಪಾರೀಸ ಪುಟಗಳ ಬಗ್ಗೆ. “ಇಪ್ಪತ್ತ ಮಾಡ್ಬೇಕಂತ ಮಾಸ್ತರ ಹೇಳ್ಯಾರ.”

ಹವಾಲ್ದಾರ ಬಾಗಿಲ ಚೌಕಟ್ಟು ಹಿಡಿದುಕೊಂಡ. “ಎಂಟೂ ಎಲ್ಲಿ ಇಟ್ಟೀರಿ?”

“ಇಲ್ಲೇ ಗಲ್ಲಾದಾಗ. ನೋಡ್ತೀರೇನು?”

ಗಲ್ಲಾ ಪೆಟ್ಟಿಗೆಯಿಂದ ಹೊರಬಂದ ಎಂಟು ಹಾಳೆಗಳ ಮೇಲೆ ‘ನ್ಯಾಯಾಲಯದಲ್ಲಿ ತಜ್ಞರ ಸಾಕ್ಷಿ’ ಎಂದು ಮರಾಠಿಯಲ್ಲಿ ಬರೆದಿತ್ತು. ಹವಾಲ್ದಾರ ಅದನ್ನು ಓದಿದ, ಪಾರೀಸನ ಮುಖ ನೋಡಿದ, ಮತ್ತೆ ಓದಿದ. ಆಮೇಲೆ ಎರಡೂ ಹಿಮ್ಮಡಿ ಕೂಡಿಸಿ ಸಲಾಮು ಹೊಡೆದ. ಹೊರಗೆ ಬಂದು ಕಾಯುತ್ತಿದ್ದ ಜನರಿಗೆ ತಗ್ಗಿದ ದನಿಯಲ್ಲಿ ಹೇಳಿದ: “ಖೂನಿ ಅಲ್ಲ. ಖೂನದ ತಜ್ಞರು. ಕೋರ್ಟಿನವರು. ಸಾದಾ ವೇಷದಾಗ ಅದಾರ.”

ಹೀಗೆ ಭಯ ಭಕ್ತಿಯಾಯಿತು. ಭಯಕ್ಕಿಂತ ಭಕ್ತಿ ಬೇಗ ಹಬ್ಬುತ್ತದೆ. ಅದು ಫೋನಿನ ಮೂಲಕ ನಿಪ್ಪಾಣಿ, ಸಂಕೇಶ್ವರ ದಾಟಿ ಗಡಹಿಂಗ್ಲಜ ಮುಟ್ಟಿತು. ಅಲ್ಲಿ ಅನ್ನವ್ವ ಒಂದು ಎಮ್ಮೆಗಾಗಿ ಕೋರ್ಟಿನ ಮೆಟ್ಟಿಲು ಹತ್ತಿ ಕೂತಿದ್ದಳು.

ಎಮ್ಮೆಯ ಹೆಸರು ಚಂದ್ರಿ. ಅದು ಒಂದು ದಿನ ಹಗ್ಗ ಹರಿದುಕೊಂಡು ಕೇದಾರಿ ಎಂಬವನ ಕಬ್ಬಿನ ಗದ್ದೆಗೆ ನುಗ್ಗಿತ್ತು. ಕೇದಾರಿ ಸಿಟ್ಟಿನಿಂದ ಹಿಡಿದು ಕಟ್ಟಿದ. ದಾರಿಯಲ್ಲಿ ಹೋಗುವವರು “ಏನ್ ಕೇದಾರಿ ಸಾಹೇಬ್ರ, ಎಮ್ಮಿ ತಂದ್ರಿ? ಭಾರಿ ಐತಿ!” ಎಂದರು. ಹುಟ್ಟಿದಾಗಿನಿಂದ ಯಾರೂ ಅವನ ಯಾವ ವಸ್ತುವನ್ನೂ ಭಾರಿ ಎಂದಿರಲಿಲ್ಲ. “ಹೂಂ, ತಂದೆ,” ಎಂದ. ಆಮೇಲೆ ಹಿಂದಕ್ಕೆ ಸರಿಯುವುದು ಆಗಲಿಲ್ಲ. ಕಿವಿಯಲ್ಲಿದ್ದ ಸರಕಾರಿ ಬಿಲ್ಲೆ ಕಬ್ಬಿನಲ್ಲಿ ಎಲ್ಲೋ ಕಿತ್ತು ಬಿದ್ದಿತ್ತು. ಎಮ್ಮೆ ಯಾರದು ಎನ್ನುವುದಕ್ಕೆ ಎಮ್ಮೆಯೊಂದೇ ಉಳಿದಿತ್ತು.

ಅನ್ನವ್ವ ಫೋನು ಮಾಡಿದಾಗ ಅವಳ ದನಿಯಲ್ಲಿ ಅಳು ಇರಲಿಲ್ಲ, ಅವಮಾನ ಇತ್ತು.

“ಅಳ್ಯಾರ, ಊರ ಡೇರಿ ಸಾಲಿನ್ಯಾಗ ಮುಂಜಾನೆ ಮೊದ್ಲ ನಿಲ್ಲಾಕಿ ನಾನು. ಯಾರ ಮನಿ ಜಗಳ ಇರ್ಲಿ, ಯಾರ ಮಗಳ ವರ ಇರ್ಲಿ, ಅಲ್ಲೇ ನನ್ನ ಮುಂದ ತೀರತಿತ್ತು. ಎಮ್ಮಿ ಹೋದ ಮ್ಯಾಲ ಒಂದ ದಿನ ಸುಮ್ಮ ಹೋಗಿ ನಿಂತೆ. ಆ ಡೇರಿ ಹುಡುಗ ‘ಎಷ್ಟ ಹಾಲ ಬೇಕ ಅವ್ವಾ?’ ಅಂದ. ನನಗ ಕೇಳಿದ! ಹಾಲ ಹಾಕಾಕಿಗೆ! ಅವತ್ತಿಂದ ನಾ ಆ ಕಡೆ ಹಾದಿಲ್ಲ. ನೀವು ಬಂದು ಚಂದ್ರಿ ಖೂನ ಹಿಡದು ಕೊಡ್ರಿ.”

ಗಮನಿಸಬೇಕು: ಇಡೀ ಪ್ರಕರಣದಲ್ಲಿ, ಕಾಂಚನಳನ್ನು ಬಿಟ್ಟರೆ, ಆ ಶಬ್ದವನ್ನು ಸರಿಯಾಗಿ ತಿಳಿದುಕೊಂಡವಳು ಅನ್ನವ್ವ ಒಬ್ಬಳೇ. ಅದರಿಂದ ಪಾರೀಸನಿಗೆ ಏನೂ ಉಪಯೋಗವಾಗಲಿಲ್ಲ.

“ಅತ್ತೀ, ನಾ ಇನ್ನೂ ವಿದ್ಯಾರ್ಥಿ...”

“ದೊಡ್ಡವರು ಹಿಂಗ ಅಂತಾರ್ರಿ. ವಕೀಲರು ಎದುರಿನವರ ಕಡೆ ಎಕ್ಸ್‌ಪರ್ಟ್ ಬಂದಾನ, ನಮಗೂ ಒಬ್ಬ ಬೇಕು ಅಂದ್ರು. ನಿಮ್ಮ ಹೆಸರ ಕೊಟ್ಟೇನಿ.”

“ಎಮ್ಮಿ ಬಗ್ಗೆ ನನಗ ಏನೂ...”

“ಉಂಡ ಬರ್ರಿ. ಬಸ್ಸಿನ್ಯಾಗ ಹೊರಗಿಂದ ಏನೂ ತಿನಬ್ಯಾಡ್ರಿ,” ಎಂದು ಅವಳು ಫೋನಿಟ್ಟಳು.

ನಾಲ್ಕು ದಿನಕ್ಕೆ ಸಮನ್ಸು ಬಂತು. ಅನ್ನವ್ವನ ವಕೀಲ ನಿಲೇಶ ಎರಡು ಫೋನು, ಮೂರು ಕೋರ್ಟು ಒಟ್ಟಿಗೆ ನಡೆಸುವ ಯುವಕ. ಅವನ ಟೈಪಿಸ್ಟು ಸಾಕ್ಷಿಗಳ ಪಟ್ಟಿಯಲ್ಲಿ ‘ಖೂಣ’ ಎನ್ನುವಲ್ಲಿ ‘ಖೂನ’ ಎಂದು ಹೊಡೆದಿದ್ದ. ಸಮನ್ಸು ತಂದ ಕೋರ್ಟಿನ ಬೇಲಿಫ್ ಓಣಿಯ ಬಾಯಲ್ಲಿ ನಿಂತು, “ಖೂನ ತಜ್ಞ ಪಾರೀಸ ಮಗದುಮ್ ಯಾರು?” ಎಂದು ಕೂಗಿದಾಗ ಹದಿನಾಲ್ಕು ಕೈಗಳು ಒಂದೇ ಮನೆಯತ್ತ ತೋರಿಸಿದವು. ವೃಷಾಲಿ ಆರತಿ ತಟ್ಟೆ ತಂದಳು.

ಪಾರೀಸ ಹೆಂಡತಿಯ ಮುಂದೆ ಕೈಮುಗಿದ. “ಕಾಂಚನಾ, ನಾ ಹೋದ್ರ ಮಾನ ಹೋಗತೈತಿ.”

“ಹೋಗದಿದ್ರ ನಂದ ಹೋಗತೈತಿ,” ಎಂದಳು ಕಾಂಚನ. “ನಮ್ಮ ತವರಿನವರು ಲಗ್ನ ಆದಾಗಿಂದ ಮೊದಲನೇ ಸಲ ನಿಮ್ಮನ್ನ ಒಂದ ಕೆಲಸಕ್ಕ ಕರದಾರ. ಇಸ್ತ್ರಿ ಶರ್ಟ ಹಾಕ್ಕೊಳ್ರಿ.”

ಇಚಲಕರಂಜಿಯಿಂದ ಗಡಹಿಂಗ್ಲಜಕ್ಕೆ ಬಸ್ಸಿನಲ್ಲಿ ಹೋದರೆ ದಾರಿಯಲ್ಲಿ ಮಹಾರಾಷ್ಟ್ರ ಮುಗಿದು ಕರ್ನಾಟಕ ಬರುತ್ತದೆ, ಕರ್ನಾಟಕ ಮುಗಿದು ಮತ್ತೆ ಮಹಾರಾಷ್ಟ್ರ ಬರುತ್ತದೆ. ಪಾರೀಸ ಎರಡೂ ಗಡಿಯಲ್ಲಿ ಇಳಿದು ಓಡಿ ಹೋಗಲು ನೋಡಿದ. ಎರಡೂ ಸಲ ಕಾಂಚನ ಕಿಟಕಿಯ ಬದಿ ಅವನಿಗೆ ಬಿಟ್ಟು, ದಾರಿಯ ಬದಿ ತಾನು ಕೂತಿದ್ದಳು.

ಕೋರ್ಟಿನ ಅಂಗಳದಲ್ಲಿ ಚಂದ್ರಿಯನ್ನು ಬೇವಿನ ಮರಕ್ಕೆ ಕಟ್ಟಿದ್ದರು. ಸಾಕ್ಷ್ಯದ ವಸ್ತುವಾದ್ದರಿಂದ ಅದಕ್ಕೊಬ್ಬ ಪೇದೆಯ ಕಾವಲಿತ್ತು. ಒಳಗೆ ಕೊನೆಯ ಬೆಂಚುಗಳಲ್ಲಿ ಡೇರಿ ಸಾಲಿನ ಹೆಂಗಸರೆಲ್ಲ ಬಂದು ಕೂತಿದ್ದರು. ಮುಂದೆ ಕೇದಾರಿ; ಅವನ ಪಕ್ಕದಲ್ಲಿ ಕೋಟು ಹಾಕಿ, ಬಣ್ಣದ ನಕ್ಷೆಗಳ ದಪ್ಪ ವರದಿಯನ್ನು ಎದೆಗವಚಿಕೊಂಡ ಗಡ್ಡದ ಮನುಷ್ಯ. ವರದಿಯ ಮೇಲೆ ಬಂಗಾರದ ಅಕ್ಷರ: ‘ಡಾ. ಜೋತಿಬಾ, ಸಂಸ್ಥಾಪಕರು, ಅಖಿಲ ಭಾರತ ಪಶು ಮುಖಭಾವ ಸಂಶೋಧನ ಸಂಸ್ಥೆ.’ ಎಮ್ಮೆ ನೂರಕ್ಕೆ ನೂರು ಕೇದಾರಿಯದೇ ಎಂದು ಅವನು ಹಿಂದಿನ ತಾರೀಖಿಗೇ ಹೇಳಿ ಮುಗಿಸಿದ್ದ.

ಪಾರೀಸ ಕಟಕಟೆ ಹತ್ತಿದ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡುವ ಹೆಣ್ಣುಮಗಳು. ಮುಂದಿನ ಮಾತೆಲ್ಲ ನಡೆದದ್ದು ಮರಾಠಿಯಲ್ಲಿ. ಪಾರೀಸನ ಮರಾಠಿ ಅರ್ಧಕ್ಕರ್ಧ ಕನ್ನಡವೇ ಆದ್ದರಿಂದ ನಮಗೇನೂ ತೊಂದರೆಯಿಲ್ಲ.

ಪಟ್ಟಿ ನೋಡುತ್ತಲೇ ಕೇದಾರಿಯ ವಕೀಲ ಚಂಗನೆ ಎದ್ದ. “ಆಕ್ಷೇಪಣೆ! ಖೂನ ತಜ್ಞ ಅಂತ ಬರೆದಾರೆ. ಎಮ್ಮೆ ಹೊರಗೆ ಮೇವು ತಿನ್ನುತ್ತಿದೆ, ಸ್ವಾಮಿ! ಖೂನ ಯಾರದಾಯಿತು?”

ನ್ಯಾಯಾಧೀಶರು ಬೆಚ್ಚಿ ಕಿಟಕಿಯಿಂದ ಹೊರಗೆ ನೋಡಿದರು. ಚಂದ್ರಿ ಬಾಲ ಬೀಸಿತು. ನಿಲೇಶ ಒಂದು ಫೋನನ್ನು ಜೇಬಿಗೆ ಹಾಕಿ, “ಟೈಪಿಂಗ್ ತಪ್ಪು. ‘ಣ’ ಇರಬೇಕು,” ಎಂದು ಬೆವರೊರೆಸಿದ. ಪಾರೀಸನಿಗೆ ಆ ಗಳಿಗೆಯಲ್ಲಿ ಶಹಾಪುರದ ನಾಯಿ, ಚಹಾ, ಸಲಾಮು, ಆರತಿ ಎಲ್ಲದರ ಅರ್ಥ ಒಟ್ಟಿಗೆ ಹೊಳೆಯಿತು. ಅವನು ಕಟಕಟೆಯ ಕಂಬಿ ಹಿಡಿದುಕೊಂಡ.

“ಸರಿ, ಗುರುತಿನ ತಜ್ಞ ಎನ್ನೋಣ,” ಎಂದ ಕೇದಾರಿಯ ವಕೀಲ, ಬೆಕ್ಕು ಇಲಿಯ ಹತ್ತಿರ ಬರುವ ಹಾಗೆ ಬಂದು. “ಸತ್ಯವನ್ನೇ ಹೇಳುತ್ತೇನೆ ಅಂತ ಪ್ರಮಾಣ ಮಾಡೀರಿ. ಒಂದೇ ಪ್ರಶ್ನೆ. ನೀವು ತಜ್ಞರೇ?”

ಪಾರೀಸ ಅನ್ನವ್ವನತ್ತ ನೋಡಿದ. ಅವಳು ಕೈಮುಗಿದು ಕೂತಿದ್ದಳು. ಕಾಂಚನಳತ್ತ ನೋಡಿದ, ಅವಳು ಹೌದೆನ್ನಿ ಹೌದೆನ್ನಿ ಎಂದು ಕುತ್ತಿಗೆ ಉಳುಕುವಷ್ಟು ತಲೆಯಾಡಿಸುತ್ತಿದ್ದಳು. ಮೇಲೆ ತಿರುಗುವ ಫ್ಯಾನಿನತ್ತ ನೋಡಿದ.

“ಅಲ್ಲರೀ.”

ಕೊನೆಯ ಬೆಂಚಿನಲ್ಲಿ ಯಾರೋ “ಅಯ್ಯ ನನ ಶಿವನ” ಎಂದರು. ಅನ್ನವ್ವನ ಕೈಗಳು ಮಡಿಲಿಗೆ ಬಿದ್ದವು. ಕೇದಾರಿಯ ವಕೀಲ “ಇನ್ನೇನೂ ಕೇಳುವುದಿಲ್ಲ” ಎಂದು ಕೂತು, ಕಾಲ ಮೇಲೆ ಕಾಲು ಹಾಕಿದ.

“ಅಲ್ಲದಿದ್ದರೆ ಇಲ್ಲಿಗೆ ಯಾಕೆ ಬಂದಿರಿ?” ಎಂದರು ನ್ಯಾಯಾಧೀಶರು.

“ಕರದ್ರು, ಬಂದೇನ್ರಿ. ಆದ್ರ ಸಾಹೇಬ್ರ, ನಾ ತಜ್ಞ ಅಲ್ಲ ಅನ್ನೂದಕ್ಕ ಕಾರಣ ಕೊಡ್ತೇನಿ. ಇಲ್ಲಾಂದ್ರ ಅದೂ ಬರೇ ಅಭಿಪ್ರಾಯ ಆಗತೈತಿ.”

ನ್ಯಾಯಾಧೀಶರ ಪೆನ್ನು ನಿಂತಿತು. “ಹೇಳಿ.”

ಪಾರೀಸ ಅಭ್ಯಾಸಬಲದಿಂದ ಕೈ ಹಿಂದೆ ಕಟ್ಟಿದ. “ತಜ್ಞ ಅನ್ನಾವ್ಗ ಓದರೆ ಇರ್ಬೇಕು, ಅನುಭವರೆ ಇರ್ಬೇಕು. ನನಗ ಎಮ್ಮಿನ್ನ ಯಾವ ಕಡೆ ಕೂತು ಹಿಂಡ್ತಾರಂತನೂ ಗೊತ್ತಿಲ್ಲ. ಮುಂದ, ಅಭಿಪ್ರಾಯಕ್ಕ ಆಧಾರ ಬೇಕು, ಪರೀಕ್ಷಾ ಮಾಡಿರ್ಬೇಕು. ನಾ ಬರುವಾಗ ಚಂದ್ರಿನ್ನ ನೋಡಿದೆ, ಅದೂ ನನ್ನ ನೋಡ್ತು, ಅಷ್ಟ. ಮತ್ತ ತಜ್ಞ ಆದಾವ ಕೋರ್ಟಿನ ಮನಿಶಾ, ಕರೆಸಿದವರ ಮನಿಶಾ ಅಲ್ಲ. ಅನ್ನವ್ವ ನನ್ನ ಹೆಂಡ್ತಿ ಚಿಗವ್ವ. ಮುಂಜಾನೆ ಅವರ ಮನ್ಯಾಗ ಉಪ್ಪಿಟ್ಟ ತಿಂದ ಬಂದೇನಿ. ಅದ್ರಾಗ ಗೋಡಂಬಿ ಇದ್ದು. ಈ ಲೆಕ್ಕದಾಗ ನನ್ನ ಮಾತಿಗೆ ತೂಕ ಇಲ್ರಿ.”

ನ್ಯಾಯಾಧೀಶರು ಮುಂದೆ ಬಾಗಿದರು. “ಇದೆಲ್ಲ ಯಾವ ಕಲಮಿನಲ್ಲಿದೆ, ಗೊತ್ತೇ?”

“ನಲವತ್ತ...”

ಕಾಂಚನ ಕೆಮ್ಮಿದಳು. ಎಷ್ಟೋ ಮುಂಜಾನೆ ಮಾಳಿಗೆಯ ಕೆಳಗೆ ಅಕ್ಕಿ ಆರಿಸಿದವಳ ಕೆಮ್ಮು ಅದು.

“ಮೂವತ್ತೊಂಬತ್ತರಿ!” ಎಂದು ಪಾರೀಸ ಇಡೀ ಇಮಾರತು ಕೇಳುವ ಹಾಗೆ ಕೂಗಿದ. “ನಲವತ್ತೈದು ಹಳೇದು! ಈಗಿಂದು ಮೂವತ್ತೊಂಬತ್ತು!”

“ಸರಿ,” ಎಂದರು ನ್ಯಾಯಾಧೀಶರು, ತುಟಿಯ ಕೊನೆಯಲ್ಲಿ ನಗೆ ಹಿಡಿದು. “ನೀವು ಅಲ್ಲಿಯೇ ನಿಂತಿರಿ. ಇದೇ ಮೂರು ಪ್ರಶ್ನೆ ಇನ್ನೊಬ್ಬರಿಗೂ ಕೇಳಬೇಕಾಗಿದೆ. ಡಾಕ್ಟರ್ ಜೋತಿಬಾ, ಮುಂದೆ ಬನ್ನಿ.”

ಜೋತಿಬಾ ಕೋಟಿನ ಗುಂಡಿ ಹಾಕಿಕೊಂಡು ಬಂದ.

“ಎಲ್ಲಿ ಓದಿದ ಡಾಕ್ಟರು ನೀವು?”

“ಅದು ಡಾಕ್ಟರ್ ಅಲ್ಲ ಸಾಹೇಬ್ರ. ಡಾವರೆ. ನಮ್ಮ ಮನೆತನದ ಹೆಸರು. ನಾ ಅದನ್ನ ಮುಂದ ಬರೀತೇನಿ.”

“ಅನುಭವ?”

“ಸಂಸ್ಥೆಯ ಸಂಸ್ಥಾಪಕ ನಾ. ಅಧ್ಯಕ್ಷನೂ ನಾನ.”

“ಸದಸ್ಯರು?”

“ಹೆಂಡ್ತಿ ಇದ್ದಳು. ರಾಜೀನಾಮೆ ಕೊಟ್ಟಾಳ.”

“ಎಮ್ಮೆ ಕೇದಾರಿಯವರದು ಎನ್ನುವುದಕ್ಕೆ ಆಧಾರ?”

ಜೋತಿಬಾ ವರದಿಯ ನಡುವಿನ ಬಣ್ಣದ ಪುಟ ತೆರೆದ. “ಕೇದಾರಿ ಸಾಹೇಬ್ರನ್ನ ನೋಡಿದ ಕೂಡ್ಲೆ ಎಮ್ಮಿ ಮುಗುಳ್ನಗತೈತಿ. ಅದರ ನಕ್ಷಾ ಇದು.”

“ಆಗ ಕೇದಾರಿಯವರ ಕೈಯಲ್ಲಿ ಏನಿತ್ತು?”

“...ಹಿಂಡಿ ಬುಟ್ಟಿ.”

“ಕೇದಾರಿಯವರು ನಿಮಗೆ ಏನಾಗಬೇಕು?”

“ಸೋದರಮಾವ.”

“ಇವತ್ತು ನಾಷ್ಟಾ ಎಲ್ಲಿ ಮಾಡಿದಿರಿ?”

ಜೋತಿಬಾ ಬಿಳಿ ಅಂಗಿಯ ಮೇಲೆ ಬಿದ್ದ ಮಾವನ ಮನೆಯ ಮಿಸಳಿನ ಕೆಂಪು ಸಾರಿನ ಕಲೆಯನ್ನು ವರದಿಯಿಂದ ಮುಚ್ಚಿಕೊಂಡ. ನ್ಯಾಯಾಧೀಶರು ಆ ವರದಿಯನ್ನು ಮೇಜಿನ ಅಂಚಿಗೆ ಎರಡು ಬೆರಳಿನಿಂದ ತಳ್ಳಿದರು.

ಹೀಗೆ ಒಂದೇ ಮುಂಜಾನೆಯಲ್ಲಿ ಕೋರ್ಟಿನ ತಜ್ಞರಿಬ್ಬರೂ ತೀರಿಕೊಂಡರು. ನಿಲೇಶ ಕೈ ಚೆಲ್ಲಿ ಎದ್ದು ನಿಂತ. “ಇನ್ನು ಎಮ್ಮೆಯ ಗುರುತು ಹೇಳುವವರು ಯಾರು? ಮುಂಬಯಿಯಿಂದ ಯಾರನ್ನಾದರೂ ಕರೆಸಲು ತಾರೀಖು ಬೇಕು...”

“ತಾರೀಖ ಯಾಕ್ರಿ?” ಎಂದ ಪಾರೀಸ ಕಟಕಟೆಯಿಂದಲೇ. ಈಗ ಅವನಿಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. “ಸಾಹೇಬ್ರ, ಸಾದಾ ಮಂದಿಗೆ ತಿಳೀದ ವಿಷಯಕ್ಕ ತಜ್ಞರು. ಎಮ್ಮಿ ದಿನಾ ಕಂಡವರಿಗೆ ಅದು ಯಾರದು ಅಂತ ತಿಳೀದೇನು? ಕಣ್ಣಿಂದ ಕಂಡದ್ದು ಹೇಳಿದ್ರ ಅದು ಅಭಿಪ್ರಾಯ ಅಲ್ಲ, ಸಾಕ್ಷಿ. ಹಿಂದ ಇಡೀ ಡೇರಿ ಸಾಲ ಕುಂತೈತಿ. ಯಾರೂ ಅವರನ್ನ ಕೇಳೇ ಇಲ್ಲ.”

“ಅವರು ಡೇರಿ ಹೆಂಗಸರು...” ಎಂದ ನಿಲೇಶ.

“ಮತ್ತ ಎಮ್ಮಿ ಏನ್ ಹೈಕೋರ್ಟಿಂದೇನ್ರಿ?”

ನ್ಯಾಯಾಧೀಶರು ಕೊನೆಯ ಬೆಂಚುಗಳತ್ತ ಕಣ್ಣು ಹಾಯಿಸಿದರು. “ಈ ಎಮ್ಮೆಯನ್ನು ಮೊದಲಿನಿಂದ ಕಂಡವರು ಯಾರು?” ಬಳೆಗಳ ಸದ್ದಿನೊಂದಿಗೆ ಕೈಗಳೆಲ್ಲ ಎದ್ದವು. ಮೂಲೆಯಲ್ಲಿ ಒಂದು ಕೈ ಎದ್ದು, ಥಟ್ಟನೆ ಕೆಳಗಿಳಿದು, ಸೆರಗಿನೊಳಗೆ ಸೇರಿಕೊಂಡಿತು. ನ್ಯಾಯಾಧೀಶರು ಆ ಕೈಯನ್ನೇ ಕರೆದರು.

“ಹೆಸರು?”

“ಸುಶೀಲಾಬಾಯಿ ಕೇದಾರಿ ರೀ.”

“ಪ್ರತಿವಾದಿ ನಿಮಗೆ ಯಾರು?”

“ನಮ್ಮ ಮನಿಯವರು.”

ಕೇದಾರಿ ಅರ್ಧ ಎದ್ದು, ಎಲ್ಲಿ ನೋಡಬೇಕೆಂದು ತಿಳಿಯದೆ, ಮತ್ತೆ ಕೂತ. ಸುಶೀಲಾಬಾಯಿಗೆ ಪ್ರಮಾಣ ಮಾಡಿಸಿದರು. ಅವಳು ಪ್ರಮಾಣವನ್ನು ಎರಡು ಸಲ ಹೇಳಿದಳು, ಮೊದಲನೇದು ಸರಿಯಾಗಲಿಲ್ಲವೆಂದು.

“ಈ ಎಮ್ಮೆ ನಿಮ್ಮ ಮನೆಯಲ್ಲಿ ಎಷ್ಟು ವರ್ಷದಿಂದ ಇದೆ?”

“ವರ್ಷ ಎಲ್ಲೀದ್ರಿ ಸಾಹೇಬ್ರ! ನಮ್ಮನ್ಯಾಗ ಎಮ್ಮಿ ಯಾವಾಗಿತ್ತು? ನಾ ಡೇರಿಗೆ ಹಾಲ ಕೊಳ್ಳಾಕ ಹೋಗಾಕಿ. ಅನ್ನವ್ವ ಈ ಕಡಿಂದ ಚಂದ್ರಿ ಹಾಲ ಹಾಕ್ತಿದ್ದಳು, ನಾ ಆ ಕಡಿಂದ ತರ್ತಿದ್ದೆ. ಈಗ ಎಮ್ಮಿ ನಮ್ಮ ಮನಿ ಮುಂದ ಐತಿ, ಈಗೂ ಹಾಲ ಕೊಂಡ ತರ್ತೇನಿ. ತಂಬಿಗಿ ಹಾಲ ಕೊಡ್ತೈತಿ, ಅದನ್ನೂ ಒದ್ದ ಚೆಲ್ತೈತಿ. ಬೇಕಾದ್ರ ಇವರ ಮಣಕಾಲ ನೋಡ್ರಿ. ತೋರಸ್ರೀ!”

ಕೇದಾರಿ ಪಾಯಿಜಾಮೆಯನ್ನು ಬಿಗಿಯಾಗಿ ಹಿಡಿದುಕೊಂಡ. ನಗೆ ಕೊನೆಯ ಬೆಂಚಿನಿಂದ ಎದ್ದು ಮುಂದಿನ ಬೆಂಚಿಗೆ ಬಂತು, ಅಲ್ಲಿಂದ ಗುಮಾಸ್ತರ ಮೇಜಿಗೆ ಬಂತು. ಅವನ ವಕೀಲ ಪಾಟೀಸವಾಲಿಗೆ ಏಳಲು ಹೋದಾಗ ಕೇದಾರಿಯೇ ಅವನ ಕರಿ ಕೋಟು ಹಿಡಿದು ಎಳೆದ.

“ಬ್ಯಾಡ್ರಿ ವಕೀಲ ಸಾಹೇಬ್ರ. ಎಮ್ಮಿ ಕೊಟ್ಟಬಿಡ್ತೇನಿ. ನನಗ ಸಂಜೀಕ ಮನಿಗೆ ಹೋಗೂದೈತಿ.”

ಅವನ ಒಪ್ಪಿಗೆಯನ್ನು ಅಲ್ಲೇ ಬರೆದುಕೊಂಡು, ಓದಿ ಹೇಳಿ, ಸಹಿ ಮಾಡಿಸಿದರು. ಪೇದೆ ಬೇವಿನ ಮರದಿಂದ ಹಗ್ಗ ಬಿಚ್ಚಿ ಅನ್ನವ್ವನ ಕೈಗೆ ಕೊಟ್ಟ. ಡೇರಿ ಸಾಲಿನ ಹೆಂಗಸರು ಚಂದ್ರಿಯ ಹಣೆಗೆ ಕುಂಕುಮ ಹಚ್ಚಿದರು. ಉಳಿದ ಕುಂಕುಮವನ್ನು, ವ್ಯರ್ಥವಾಗಬಾರದೆಂದು, ಪಾರೀಸನ ಹಣೆಗೆ ಹಚ್ಚಿದರು. ಗಡಹಿಂಗ್ಲಜದ ಪೇಟೆಯಲ್ಲಿ ಎಮ್ಮೆ ಮುಂದೆ, ಸುಶೀಲಾಬಾಯಿ ಮತ್ತು ಅನ್ನವ್ವ ಕೈ ಕೈ ಹಿಡಿದುಕೊಂಡು ಅದರ ಹಿಂದೆ, ಇಸ್ತ್ರಿ ಶರ್ಟಿನ ಪಾರೀಸ ನಡುವೆ. ಮೆಣಸಿನಕಾಯಿ ಅಡತಿ ಅಂಗಡಿಯವರು ಹೊರಗೆ ಬಂದು ನಿಂತು, ಯಾರು ಚುನಾವಣೆ ಗೆದ್ದರೆಂದು ಕೇಳಿದರು.

ಮರುದಿನ ಮುಂಜಾನೆ ಅನ್ನವ್ವ ಕ್ಯಾನು ತುಂಬಿಕೊಂಡು ಡೇರಿಗೆ ಹೊರಟಳು. ಅಳಿಯನೂ ಬರಬೇಕೆಂದು ಹಟ ಹಿಡಿದಳು. ಸಾಲು ಆಗಲೇ ದೊಡ್ಡದಿತ್ತು. ಅವಳನ್ನು ಕಂಡದ್ದೇ ಮಧ್ಯದಲ್ಲಿ ಸೀಳಿ ದಾರಿಯಾಯಿತು. ಅನ್ನವ್ವ ಯಾರನ್ನೂ ನೋಡದೆ ಮುಂದೆ ಹೋಗಿ, ತನ್ನ ಜಾಗದಲ್ಲಿ ನಿಂತು, ಕ್ಯಾನಿನ ಮುಚ್ಚಳ ತೆಗೆದಳು. ಡೇರಿಯ ಹುಡುಗ ಪ್ರತೀಕ ಹಾಲಿನಲ್ಲಿ ಕೊಬ್ಬು ಅಳೆಯುವ ಮಷಿನಿನ ನಳಿಗೆ ಅದ್ದಿದ. ಮಷಿನ್ ಕಿರ್ ಎಂದು ಚೀಟಿ ಉಗುಳಿತು.

“ಫ್ಯಾಟ್ ಕಡಿಮಿ ಬಂತ ಅವ್ವಾ.”

“ಯಾರ ಅಂದ್ರು?”

“ಮಷಿನ್.”

“ಮಷಿನ್ ಎಲ್ಲಿ ಓದೇತಿ?”

ಪ್ರತೀಕ ಕಕ್ಕಾಬಿಕ್ಕಿಯಾದ. “ಅದಕ್ಕ ಓದೂದೇನ ಇರ್ತದ ಅವ್ವಾ. ಕಂಪನೀದು.”

“ಕಡಿಮಿ ಯಾಕ ಅಂತ ಹೇಳೇತೇನು?”

“ಚೀಟಿ ಕೊಟ್ಟೈತಲ್ಲ.”

“ಚೀಟಿ ಜೋತಿಬಾನೂ ಕೊಟ್ಟಿದ್ದ, ಬಂಗಾರದ ಅಕ್ಷರದಾಗ. ಇದು ಯಾರ ಮನ್ಯಾಗ ಉಂಡೈತಿ? ಮುಂಜಾನೆ ನಳಗಿ ತೊಳದೀಯೋ, ನಿನ್ನೀದು ನೀರ ಹಂಗ ಐತೋ?”

ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಹತ್ತಿರ ಬಂದರು. “ನಂದೂ ನಿನ್ನೆ ಕಡಿಮಿ ಬಂದಿತ್ತ,” ಎಂದಳು ಒಬ್ಬಳು. “ನಂದ ವಾರ ಆತು,” ಎಂದಳು ಇನ್ನೊಬ್ಬಳು. ಪ್ರತೀಕನಿಗೆ ಸುತ್ತಲೂ ಕ್ಯಾನುಗಳೇ ಕಂಡವು. ಅವುಗಳ ನಡುವೆ, ಕುಂಕುಮ ಇನ್ನೂ ಅಳಿಸದ ಹಣೆಯ ಒಬ್ಬ ಗಂಡಸು ಕಂಡ.

“ಅಣ್ಣಾರ, ನೀವ ಕೋರ್ಟಿನ್ಯಾಗ ಮಾತಾಡಿದವರಂತ. ನೀವರೆ ಹೇಳ್ರಿ, ಮಷಿನ್ ಹೇಳಿದ್ದ ಖರೆ ಅಲ್ಲೇನು?”

ಪಾರೀಸ ಮಷಿನನ್ನು ಮುಂದಿನಿಂದ ನೋಡಿದ, ಹಿಂದಿನಿಂದ ನೋಡಿದ, ಎದೆ ಉಬ್ಬಿಸಿ, ರಾಜ್ಯ ಗೆದ್ದವನ ದನಿಯಲ್ಲಿ ಹೇಳಿದ:

“ನಾ ತಜ್ಞ ಅಲ್ಲಪಾ.”

“ಕೇಳಿದ್ಯಾ?” ಎಂದಳು ಅನ್ನವ್ವ. “ಇಂಥಾವ್ರ ಅಲ್ಲ ಅಂತಾರ, ನಿನ್ನ ಮಷಿನ್ ಯಾವ ಲೆಕ್ಕ! ತೊಳಿ ಅದನ್ನ.”